ಬದಲಿಸಿದರೆ ಬಿಟ್ಟಂತಲ್ಲ

“ಬೀಡಿ ಬಿಟ್ಟೀನ್ರಿ, ಈಗ ಬರೇ ಫಿಲ್ಟರ್ ಸಿಗರೇಟ್.” ಅರಭಾವಿ, ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಚಹಾ ಅಂಗಡಿಗಳಲ್ಲಿ ಇಂಥ ಮಾತನ್ನು ನೀವೂ ಕೇಳಿರಬಹುದು. ನೀವೇ ಆಡಿರಲೂಬಹುದು.

ಹೀಗೆ ಬದಲಿಸುವವರಿಗೆ ತಿಳಿವಳಿಕೆ ಇಲ್ಲವೆಂದಲ್ಲ. ಕೆಮ್ಮು ಹೆಚ್ಚಿರುತ್ತದೆ, ಮನೆಯವರು ಬೇಸರಪಟ್ಟಿರುತ್ತಾರೆ, ವೈದ್ಯರು ಎಚ್ಚರಿಸಿರುತ್ತಾರೆ. ಬಿಡಬೇಕೆಂಬ ಆಸೆಯೂ ಇದೆ, ಬಿಡಲಾರೆನೆಂಬ ಅಂಜಿಕೆಯೂ ಇದೆ. ಇವೆರಡರ ನಡುವೆ ಸಿಗುವ ಸುಲಭ ದಾರಿಯೇ ‘ಕಡಿಮೆ ಹಾನಿಯ’ ತಂಬಾಕು. ಮನಸ್ಸಿಗೆ ಸಮಾಧಾನ ಸಿಗುತ್ತದೆ, ಬಿಡುವ ಯೋಚನೆ ಮುಂದೆ ಹೋಗುತ್ತದೆ. ದೊಡ್ಡ ನಷ್ಟ ಇದೇ.

ಫಿಲ್ಟರ್ ಮತ್ತು ‘ಲೈಟ್’ ಸಿಗರೇಟನ್ನು ನೋಡಿ. ದೇಹ ಕೇಳುವುದು ನಿಕೋಟಿನನ್ನು. ಅದು ಕಡಿಮೆಯಾದಂತೆ ಸೇದುವವರು ತಮಗರಿವಿಲ್ಲದೆ ಜೋರಾಗಿ, ಆಳವಾಗಿ ಎಳೆಯುತ್ತಾರೆ. ಹೊಗೆ ಶ್ವಾಸಕೋಶದ ಇನ್ನಷ್ಟು ಒಳಕ್ಕೆ ಇಳಿಯುತ್ತದೆ.

ನಮ್ಮ ಜಿಲ್ಲೆಯ ನಿಪ್ಪಾಣಿ ಬೀಡಿ ತಂಬಾಕಿಗೆ ಹೆಸರಾದ ಊರು. ಬೀಡಿಗೆ ಕಾಗದವಿಲ್ಲ, ಎಲೆ ಸುತ್ತಿದೆ, ಆದ್ದರಿಂದ ಮೇಲು ಎನ್ನುವವರಿದ್ದಾರೆ. ಆದರೆ ಬೀಡಿ ಬೇಗ ಆರುವುದರಿಂದ ಮತ್ತೆ ಮತ್ತೆ ಎಳೆಯಬೇಕು. ಅದರ ಹೊಗೆಯ ಟಾರ್, ಕಾರ್ಬನ್ ಮಾನಾಕ್ಸೈಡ್ ಸಿಗರೇಟಿಗಿಂತ ಕಡಿಮೆಯೇನಲ್ಲ.

ಗುಟ್ಕಾ, ಜರ್ದಾದಲ್ಲಿ ಹೊಗೆಯಿಲ್ಲ, ನಿಜ. ಆದರೆ ಅವು ಬಾಯಿಯ ಕ್ಯಾನ್ಸರಿಗೆ ನೇರ ಕಾರಣ. ಹುಕ್ಕಾದ ನೀರು ಹೊಗೆಯನ್ನು ತಂಪಾಗಿಸುತ್ತದೆ, ವಿಷವನ್ನು ತೊಳೆಯುವುದಿಲ್ಲ. ಇ-ಸಿಗರೇಟ್‌ಗಳಲ್ಲಿ ಸಾಮಾನ್ಯವಾಗಿ ಅದೇ ಚಟದ ನಿಕೋಟಿನ್ ಇರುತ್ತದೆ. ಅವುಗಳ ಮಾರಾಟವನ್ನು ಕರ್ನಾಟಕ 2016ರಲ್ಲಿ, ಇಡೀ ದೇಶ 2019ರಲ್ಲಿ ನಿಷೇಧಿಸಿದೆ.

“ದಿನಕ್ಕೆ ಒಂದೇ ಸೇದುತ್ತೇನೆ” ಎನ್ನುವವರೂ ತಿಳಿದಿರಲಿ: ದಿನಕ್ಕೆ 20 ಸಿಗರೇಟಿನಿಂದ ಹೆಚ್ಚುವ ಹೃದ್ರೋಗದ ಅಪಾಯದ ಹತ್ತಿರ ಹತ್ತಿರ ಅರ್ಧದಷ್ಟು ಒಂದೇ ಸಿಗರೇಟಿನಿಂದಲೂ ಬರುತ್ತದೆ.

ಹಾಗಾದರೆ ಏನು ಮಾಡಬೇಕು? ರಮಝಾನಿನಲ್ಲಿ ಸಹರಿಯಿಂದ ಇಫ್ತಾರಿನವರೆಗೆ ನೀವು ತಂಬಾಕಿಲ್ಲದೆ ಇದ್ದೀರಿ. ಆ ಶಕ್ತಿ ನಿಮ್ಮಲ್ಲಿದೆ. ಒಂದು ದಿನ ಗೊತ್ತುಮಾಡಿ, ಮನೆಯವರಿಗೆ ಹೇಳಿ, ಬೀಡಿ-ಬೆಂಕಿಪೊಟ್ಟಣ ಮನೆಯಿಂದ ಹೊರಹಾಕಿ. ಮೊದಲ ಕೆಲವು ದಿನ ಸಿಡುಕು, ತಲೆನೋವು, ನಿದ್ದೆಗೇಡು ಇರಬಹುದು. ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತವೆ. ಬಯಕೆ ಎದ್ದಾಗ ನೀರು ಕುಡಿಯಿರಿ, ನಾಲ್ಕು ಹೆಜ್ಜೆ ನಡೆಯಿರಿ. ಕೆಲವೇ ನಿಮಿಷಗಳಲ್ಲಿ ಅದು ತಗ್ಗುತ್ತದೆ. ತೀರಾ ಕಷ್ಟವಾದರೆ ವೈದ್ಯರನ್ನು ಕೇಳಿ, ನಿಕೋಟಿನ್ ಗಮ್‌ನಂಥ ಚಿಕಿತ್ಸೆ ಇದೆ. ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356.

ಬಿಟ್ಟ ಒಂದು ವರ್ಷಕ್ಕೆ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಸಹೋದರಿಯರೇ, ಮನೆಯ ಗಂಡಸರು “ಬ್ರ್ಯಾಂಡ್ ಬದಲಿಸಿದೆ” ಎಂದರೆ ಗದರಬೇಡಿ. ಬಿಡುವ ಮನಸ್ಸು ಅವರಲ್ಲಿ ಆಗಲೇ ಹುಟ್ಟಿದೆ. “ಪೂರ್ತಿ ಬಿಡುವುದು ಯಾವ ದಿನ?” ಎಂದು ಪ್ರೀತಿಯಿಂದ ಕೇಳಿ, ಆ ದಿನ ಅವರ ಜೊತೆಗಿರಿ.