ಗೃಹಪ್ರವೇಶಕ್ಕೆ ಮೊದಲು ಗೃಹಪರೀಕ್ಷೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಆ ಗಾದೆ ಹುಟ್ಟಿದ ಕಾಲದಲ್ಲಿ ಮನೆಯ ಯಜಮಾನನು ಬೆಳಗಿನಿಂದ ಸಂಜೆಯವರೆಗೆ ಕೊಡೆ ಹಿಡಿದು ಗಾರೆ ಕೆಲಸದವರ ಮಗ್ಗುಲಲ್ಲೇ ನಿಂತಿರುತ್ತಿದ್ದನು. ಯಾವ ಗೋಡೆಗೆ ಎಷ್ಟು ನೀರು ಬಿತ್ತು, ಯಾವ ಇಟ್ಟಿಗೆ ಅರೆಬೆಂದದ್ದು ಎಂಬುದೆಲ್ಲ ಅವನಿಗೆ ಬಾಯಿಪಾಠವಾಗಿರುತ್ತಿತ್ತು. ಇಂದು ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಮಧ್ಯಮವರ್ಗದ ಅನೇಕ ಕುಟುಂಬಗಳು ಮನೆಯನ್ನು ಕಟ್ಟುವುದಿಲ್ಲ, ಕೊಳ್ಳುತ್ತವೆ. ಭವಿಷ್ಯನಿಧಿಯ ಹಣ, ಬ್ಯಾಂಕಿನ ಇಪ್ಪತ್ತು ವರ್ಷದ ಸಾಲ, ಕೆಲವೊಮ್ಮೆ ಗೃಹಿಣಿಯ ಬಳೆಗಳು, ಎಲ್ಲವೂ ಕೂಡಿ ನಾಲ್ಕನೆಯ ಮಹಡಿಯ ಒಂದು ಫ್ಲಾಟಾಗಿ ಪರಿಣಮಿಸುತ್ತವೆ. ಬದನೆಕಾಯಿಯನ್ನು ಹತ್ತು ಸಲ ತಿರುಗಿಸಿ, ಹುಳುಕಿಲ್ಲವೆಂದು ಖಾತರಿಮಾಡಿಕೊಂಡು ಚೀಲಕ್ಕೆ ಹಾಕುವ ನಾವು, ಜೀವಮಾನದ ಗಳಿಕೆಯನ್ನೆಲ್ಲ ತೆತ್ತ ಮನೆಯ ಬೀಗದಕೈಯನ್ನು ಮಾತ್ರ ನಗುನಗುತ್ತ ಸ್ವೀಕರಿಸಿ, ತೋರಿಸಿದಲ್ಲೆಲ್ಲ ರುಜು ಹಾಕಿ ಬರುತ್ತೇವೆ!

ಮುಹೂರ್ತ ಕೇಳಲು ಪುರೋಹಿತರ ಬಳಿಗೆ ತಿಂಗಳ ಮೊದಲೇ ಹೋಗುತ್ತೇವೆ. ಅದು ಆಗಬೇಕಾದುದೇ. ಆದರೆ ಗೋಡೆಯನ್ನು ನೋಡಬಲ್ಲ ಒಬ್ಬ ಇಂಜಿನಿಯರನ್ನು ಕರೆತರಬೇಕೆಂಬುದು ಎಷ್ಟು ಮಂದಿಗೆ ಹೊಳೆಯುತ್ತದೆ? ನನ್ನ ಸಹೋದ್ಯೋಗಿಯೊಬ್ಬರು ವೈಶಾಖದಲ್ಲಿ ಹೊಸ ಫ್ಲಾಟಿನಲ್ಲಿ ಹಾಲುಕ್ಕಿಸಿದರು. ಬಡಗಿಗಳು ಬಂದು ಮಲಗುವ ಕೋಣೆಯ ಗೋಡೆಯುದ್ದಕ್ಕೂ ಬೀರು ಕೂರಿಸಿ ಹೋದರು. ಆಷಾಢ ಕಳೆಯುವಷ್ಟರಲ್ಲಿ ಬೀರುವಿನೊಳಗಿನ ರೇಷ್ಮೆ ಸೀರೆಗಳಿಗೆ ಬೂಷ್ಟು ಹಿಡಿದಿತ್ತು. ಬಡಗಿಯ ಮೊಳೆ ನೀರಿನ ಕೊಳವೆಯನ್ನು ತೂತುಮಾಡಿದೆ ಎಂದರು ಮನೆ ಮಾರಿದವರು. ಕೊಳವೆ ಮೊದಲೇ ಸೋರುತ್ತಿತ್ತು ಎಂದನು ಬಡಗಿ. ಎರಡು ಮಾತಿಗೂ ಸಾಕ್ಷಿಯಿಲ್ಲ. ಏಕೆಂದರೆ ಬೀರು ಬರುವ ಮೊದಲು ಆ ಗೋಡೆ ಹೇಗಿತ್ತೆಂದು ಯಾರೂ ಬರೆದಿಟ್ಟಿರಲಿಲ್ಲ.

ಆದುದರಿಂದ ಪರೀಕ್ಷೆಗೆ ತಕ್ಕ ಕಾಲವೆಂದರೆ ಬಣ್ಣ ಬಳಿದು, ನೀರು ಮತ್ತು ವಿದ್ಯುತ್ತಿನ ಸಂಪರ್ಕ ಬಂದ ಮೇಲೆ. ಆದರೆ ಕೊನೆಯ ಕಂತು ಕೊಟ್ಟು ಸ್ವಾಧೀನಪತ್ರಕ್ಕೆ ಸಹಿ ಹಾಕುವ ಮೊದಲು, ಬಡಗಿಯ ಉಳಿಯ ಸದ್ದು ಕೇಳುವ ಮೊದಲು. ಇಂಥ ದಿನ ಬರುತ್ತೇವೆಂದು ನಿರ್ಮಾಪಕರಿಗೆ ಲಿಖಿತವಾಗಿ ತಿಳಿಸಬೇಕು. ಹಗಲು ಹೊತ್ತನ್ನೇ ಗೊತ್ತುಮಾಡಬೇಕು. ಗೋಡೆಯ ಏರುಪೇರು ಓರೆಬಿಸಿಲಿನಲ್ಲಿ ಕಾಣುವಂತೆ ದೀಪದಲ್ಲಿ ಕಾಣದು. ದೊಡ್ಡ ಮಳೆಯ ಮರುದಿನ ಸಿಕ್ಕಿದರಂತೂ ಅದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ. ಕರೆದೊಯ್ಯುವ ಇಂಜಿನಿಯರಿಗೂ ನಿರ್ಮಾಪಕರಿಗೂ ಯಾವ ವ್ಯವಹಾರವೂ ಇರಬಾರದು. ಇದನ್ನೇ ವೃತ್ತಿಯಾಗಿಸಿಕೊಂಡ ಸಂಸ್ಥೆಗಳೂ ನಗರಗಳಲ್ಲಿವೆ. ಗೋಡೆಯ ತೇವವನ್ನು ಅಳೆಯುವ ಉಪಕರಣ, ಉಷ್ಣತೆಯ ವ್ಯತ್ಯಾಸವನ್ನು ಬಣ್ಣಬಣ್ಣವಾಗಿ ತೋರಿಸುವ ಕ್ಯಾಮೆರಾ ಅವರ ಬಳಿ ಇರುತ್ತವೆ. ದುರಸ್ತಿಯ ಬಳಿಕ ಎರಡನೆಯ ಸಲ ಬಂದು ನೋಡುವುದೂ ಅವರ ಶುಲ್ಕದಲ್ಲಿ ಸೇರಿದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ಲೇಸು.

ಯಂತ್ರಗಳಿಲ್ಲದೆ ಮನೆಮಂದಿಯೇ ಕಂಡುಹಿಡಿಯಬಹುದಾದುದೂ ಸಾಕಷ್ಟಿದೆ. ಒಂದು ನಾಣ್ಯದಿಂದ ನೆಲದ ಟೈಲುಗಳನ್ನು ಒಂದೊಂದಾಗಿ ತಟ್ಟಿ ನೋಡಿ: ಕೆಳಗೆ ಗಾರೆ ತುಂಬಿದ್ದರೆ ಗಟ್ಟಿ ಸದ್ದು, ಪೊಳ್ಳಿದ್ದರೆ ಒಡಕು ಮಡಕೆಯ ಸದ್ದು. ಬಾಗಿಲನ್ನು ಅರ್ಧ ತೆರೆದು ಕೈಬಿಡಿ. ಅದು ತಾನಾಗಿ ಸರಿದರೆ ಚೌಕಟ್ಟು ನೆಟ್ಟಗಿಲ್ಲವೆಂದೇ ಅರ್ಥ. ಬಾಲ್ಕನಿಗೆ ಒಂದು ಕೊಡ ನೀರು ಸುರಿದು, ಅದು ಮೋರಿಯತ್ತ ಹರಿಯುವುದೋ ಹಜಾರದತ್ತ ಬರುವುದೋ ನೋಡಿ. ವಿದ್ಯುತ್ ಹಲಗೆಯಲ್ಲಿ, ಸೋರಿಕೆಯಾದೊಡನೆ ಪ್ರವಾಹವನ್ನು ಕಡಿಯುವ ಸ್ವಿಚ್ಚಿಗೆ ಪರೀಕ್ಷೆಯ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದಾಗ ತಟಕ್ಕನೆ ಬೀಳಬೇಕು. ಬೀಳದಿದ್ದರೆ ಮಕ್ಕಳಿರುವ ಮನೆಗೆ ಅದಕ್ಕಿಂತ ದೊಡ್ಡ ಅಪಾಯವಿಲ್ಲ. ಪ್ರತಿಯೊಂದು ಸಾಕೆಟ್ಟಿಗೂ ಭೂಸಂಪರ್ಕವಿದೆಯೇ ಎಂಬುದನ್ನು ಬಲ್ಲವರಿಂದಲೇ ನೋಡಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಬಚ್ಚಲುಮನೆ. ನೀರು ಹೋಗುವ ದಾರಿಯನ್ನು ಮುಚ್ಚಿ, ನೆಲದ ಮೇಲೆ ಒಂದೆರಡು ಅಂಗುಲ ನೀರು ನಿಲ್ಲಿಸಿ, 24 ಗಂಟೆಯಾದರೂ ಬಿಡಬೇಕು. ನೋಡಬೇಕಾದುದು ನಮ್ಮ ಬಚ್ಚಲನ್ನಲ್ಲ, ಕೆಳಗಿನ ಮನೆಯ ಮಾಳಿಗೆಯನ್ನು. ಅಲ್ಲಿ ತೇವದ ಕಲೆ ಮೂಡಿದರೆ ಟೈಲಿನ ಕೆಳಗಿನ ನೀರುನಿರೋಧಕ ಪದರ ಸರಿಯಿಲ್ಲ. ಈಗಲಾದರೆ ಟೈಲು ಕಿತ್ತು ಸರಿಪಡಿಸಬಹುದು. ಎರಡು ವರ್ಷದ ಮೇಲಾದರೆ ಕೆಳಮನೆಯವರೊಡನೆ ಸ್ನೇಹವೂ ಹೋಗುತ್ತದೆ. ಹೇಗೂ ಹೋದಾಗ ನಮ್ಮ ಮಾಳಿಗೆಯನ್ನೂ ತಲೆಯೆತ್ತಿ ನೋಡುವುದೊಳ್ಳೆಯದು. ಒಂದೇ ಒಂದು ಮೂಲೆಗೆ ಮಾತ್ರ ಹೊಸದಾಗಿ ಬಣ್ಣ ಬಳಿದಿದ್ದರೆ, ಏಕೆ ಬಳಿದರೆಂದು ಕೇಳಲೇಬೇಕು.

ಬಿರುಕು ಕಂಡಾಗ ಎಲ್ಲರೂ ಗಾಬರಿಯಾಗುತ್ತಾರೆ. ಎಲ್ಲ ಬಿರುಕೂ ಒಂದೇ ಅಲ್ಲ. ಗಿಲಾವು ಒಣಗಿ ಕುಗ್ಗುವಾಗ ಜೇಡರ ಬಲೆಯಂತೆ ಎಳೆಬಿರುಕುಗಳು ಮೂಡುತ್ತವೆ. ಅವು ಮುಖದ ಸುಕ್ಕಿನಂತೆ, ಪ್ರಾಣಾಪಾಯವಿಲ್ಲ. ಕಾಂಕ್ರೀಟಿನ ತೊಲೆಯೂ ಇಟ್ಟಿಗೆಯ ಗೋಡೆಯೂ ಕೂಡುವಲ್ಲಿ ಅಡ್ಡಗೆರೆಯ ಬಿರುಕು ಬರುವುದುಂಟು. ಎರಡು ವಸ್ತುಗಳು ಬಿಸಿಲಿಗೆ ಹಿಗ್ಗಿ ಕುಗ್ಗುವ ಪರಿ ಬೇರೆಬೇರೆ. ಆ ಸಂಧಿಗೆ ತಂತಿಬಲೆ ಹಾಕಿ ಗಿಲಾವು ಮಾಡಿದ್ದರೆ ಅದು ಬಹುಮಟ್ಟಿಗೆ ತಪ್ಪುತ್ತಿತ್ತು. ಆದರೆ ಕಂಬದಲ್ಲಾಗಲಿ ತೊಲೆಯಲ್ಲಾಗಲಿ ಬಿರುಕಿದ್ದರೆ, ಅಥವಾ ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ದಿನೇ ದಿನೇ ಅಗಲವಾಗುತ್ತಿದ್ದರೆ, ಅಲ್ಲಿ ಬಣ್ಣದವನಿಗೆ ಕೆಲಸವಿಲ್ಲ. ಕಟ್ಟಡದ ಬಲವನ್ನು ಲೆಕ್ಕಹಾಕಬಲ್ಲ ಇಂಜಿನಿಯರೇ ಬರಬೇಕು.

ಕಂಡ ದೋಷಗಳನ್ನೆಲ್ಲ ಕೋಣೆವಾರು ಪಟ್ಟಿಮಾಡಿ, ದಿನಾಂಕದೊಡನೆ ಛಾಯಾಚಿತ್ರ ತೆಗೆದು, ಒಂದು ಪ್ರತಿಯನ್ನು ನಿರ್ಮಾಪಕರಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಸ್ವಾಧೀನಪತ್ರದಲ್ಲಿ 'ಎಲ್ಲವೂ ತೃಪ್ತಿಕರವಾಗಿದೆ' ಎಂಬ ಸಾಲಿದ್ದರೆ, 'ಲಗತ್ತಿಸಿದ ಪಟ್ಟಿಯ ಹೊರತು' ಎಂದು ಸೇರಿಸದೆ ಸಹಿ ಹಾಕಬಾರದು. ಸ್ಥಳೀಯ ಸಂಸ್ಥೆ ಕೊಡುವ ಸ್ವಾಧೀನಾನುಭವ ಪತ್ರ ಬಂದಿದೆಯೇ ಎಂದೂ ಆಗಲೇ ವಿಚಾರಿಸಬೇಕು.

ಕಾಯಿದೆಯೂ ಕೊಳ್ಳುವವರ ಬೆನ್ನಿಗಿದೆ. 2016ರ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯಿದೆಯ 14ನೆಯ ಪ್ರಕರಣದ 3ನೆಯ ಉಪಪ್ರಕರಣದಂತೆ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಾಗಲಿ, ಕೆಲಸದ ಗುಣಮಟ್ಟದಲ್ಲಾಗಲಿ ದೋಷವಿದೆಯೆಂದು ತಿಳಿಸಿದರೆ, ನಿರ್ಮಾಪಕರು 30 ದಿನಗಳೊಳಗೆ ಹೆಚ್ಚಿನ ಹಣ ಕೇಳದೆ ಸರಿಪಡಿಸಬೇಕು; ಇಲ್ಲವಾದರೆ ಪರಿಹಾರ ಕೊಡಬೇಕು. ನಮ್ಮಲ್ಲಿ ದೂರನ್ನು ಕೇಳಲು ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಿದೆ, ಜನ ರೇರಾ ಎನ್ನುವುದು ಇದನ್ನೇ. ಐದು ವರ್ಷವಿದೆಯಲ್ಲ, ಪರೀಕ್ಷೆಗೆ ಅವಸರವೇನು ಎಂದು ಕೇಳಬಹುದು. ನನ್ನ ಸಹೋದ್ಯೋಗಿಗೂ ಐದು ವರ್ಷವಿತ್ತು. ದೋಷ ಯಾರದೆಂದು ತೋರಿಸುವ ಕಾಗದವೇ ಇರಲಿಲ್ಲ.

ಸ್ವಂತ ನಿವೇಶನದಲ್ಲಿ ಗುತ್ತಿಗೆದಾರರಿಂದ ಮನೆ ಕಟ್ಟಿಸುವವರಿಗೆ ಈ ಕಾಯಿದೆಯ ಆಸರೆ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಗೃಹನಿರ್ಮಾಣವನ್ನೂ ಸೇವೆಯೆಂದೇ ಎಣಿಸುವುದರಿಂದ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ, ನಿಜ. ಆದರೂ ಅವರು ಮೊದಲು ನೆಚ್ಚಬೇಕಾದುದು ಕರಾರುಪತ್ರವನ್ನೇ. ಒಟ್ಟು ಹಣದಲ್ಲಿ ಒಂದು ಪಾಲನ್ನು ತಡೆಹಿಡಿದು, ಒಂದು ಮಳೆಗಾಲ ಕಳೆದ ಮೇಲೆ ತಾರಸಿ ಸೋರಲಿಲ್ಲವಾದರೆ ಮಾತ್ರ ಕೊಡುವುದೆಂಬ ಷರತ್ತನ್ನು ಪಾಯ ತೋಡುವ ಮೊದಲೇ ಬರೆಸಿಕೊಳ್ಳಬೇಕು. ಒಳ್ಳೆಯ ಮೇಸ್ತ್ರಿಗಳು ಇದಕ್ಕೆ ಒಪ್ಪುತ್ತಾರೆ. ಒಪ್ಪದವರನ್ನು ಆಗಲೇ ಕಳಿಸಿಕೊಡಬಹುದು.