ಪ್ಯಾಡ್ ಕೆಟ್ಟಿದೆ ಅನ್ನುವ ಮೊದಲು

ಸೋನಿಯ ಪಿಎಸ್5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು. ಆಗಿನ ಬೆಲೆ 49,990 ರೂಪಾಯಿ. ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಂಥ ಊರಲ್ಲಿ ಕೈಯಲ್ಲಿ ಅಷ್ಟು ದುಡ್ಡಿದ್ದರೆ ಮನೆಯವರು ಹಸು ಕೊಳ್ಳುವ ಮಾತಾಡುತ್ತಾರೆಯೇ ಹೊರತು ಆಟದ ಪೆಟ್ಟಿಗೆಯದ್ದಲ್ಲ. ಆದರೆ ಕಾಲೇಜಿಗೆಂದು ಬಂದ ಲ್ಯಾಪ್‌ಟಾಪ್ ಮನೆಯಲ್ಲಿರುತ್ತದೆ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಸೆಕೆಂಡ್ ಹ್ಯಾಂಡ್ ಗೇಮ್‌ಪ್ಯಾಡ್ ಸಿಗುತ್ತದೆ. ಇವೆರಡನ್ನೂ ಕೂಡಿಸಲು ಹೊರಟಾಗ ತೊಂದರೆ ಶುರುವಾಗುತ್ತದೆ. ಅರ್ಧ ಗಂಟೆ ಗುದ್ದಾಡಿದ ಮೇಲೆ ಬರುವ ತೀರ್ಪು ಒಂದೇ: "ಅಣ್ಣಾ, ಜಾಯ್‌ಸ್ಟಿಕ್ ಹೋಗ್ಬಿಟ್ಟೈತೆ." ನಿಜವಾಗಿ ಹೋಗಿರುವುದು ಬಹಳ ಅಪರೂಪ.

"ಲೈಟ್ ಹತ್ತುತ್ತಿದೆ, ಆದರೂ ನಡೀತಿಲ್ಲ. ಪ್ಯಾಡೇ ಸರಿಯಿಲ್ಲ."

ಮೊದಲು ಕೇಬಲ್ ಬದಲಿಸಿ ನೋಡಿ. ಪಿಎಸ್4ರ ಡ್ಯುಯಲ್‌ಶಾಕ್ 4 ಪ್ಯಾಡಿಗೆ ಬೇಕಾದದ್ದು ಹಳೆಯ ಮೊಬೈಲುಗಳ ಮೈಕ್ರೋ ಯುಎಸ್‌ಬಿ ಕೇಬಲ್. ಅದರೊಳಗೆ ನಾಲ್ಕು ತಂತಿ ಇರಬೇಕು: ಎರಡು ವಿದ್ಯುತ್ತಿಗೆ, ಎರಡು ಮಾಹಿತಿಗೆ. ಪವರ್‌ಬ್ಯಾಂಕ್, ಟಾರ್ಚುಗಳ ಜೊತೆ ಕೊಡುವ ಅಗ್ಗದ ಕೇಬಲ್‌ಗಳಲ್ಲಿ ಮಾಹಿತಿಯ ಎರಡು ತಂತಿಗಳೇ ಇಲ್ಲದಿರುವುದುಂಟು. ಪ್ಯಾಡ್ ಚಾರ್ಜ್ ಆಗುತ್ತದೆ, ದೀಪ ಹತ್ತುತ್ತದೆ, ಕಂಪ್ಯೂಟರಿಗೆ ಮಾತ್ರ ಏನೂ ತಲುಪುವುದಿಲ್ಲ. ಅದೇ ಕೇಬಲ್ಲಿನಲ್ಲಿ ಮೊಬೈಲಿನ ಫೋಟೋಗಳನ್ನು ಲ್ಯಾಪ್‌ಟಾಪಿಗೆ ಹಾಕಿಕೊಳ್ಳಲು ಆಗುತ್ತದೆಯೇ ನೋಡಿದರೆ ಉತ್ತರ ಸಿಕ್ಕಿಬಿಡುತ್ತದೆ.

ಎಕ್ಸ್‌ಬಾಕ್ಸ್ 360ರ ವೈರ್‌ಲೆಸ್ ಪ್ಯಾಡಿನ ಕಥೆಯೇ ಬೇರೆ. ಅದಕ್ಕೆ ಕಂಪನಿಯವರೇ ಮಾರಿದ ಕೇಬಲ್ ಕೂಡ ಚಾರ್ಜ್ ಮಾಡುತ್ತದೆ, ಅಷ್ಟೆ. ಪಿಸಿಗೆ ಅದನ್ನು ಕೂಡಿಸಲು ಪ್ರತ್ಯೇಕ ರಿಸೀವರ್ ಬೇಕೇ ಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ರಿಸೀವರ್ ಇದೆಯೇ ಎಂದು ಕೇಳದೆ ದುಡ್ಡು ಕೊಡಬಾರದು. ತಂತಿಯಿಂದಲೇ ನಡೆಯುವ 360 ಪ್ಯಾಡ್ ಸಿಕ್ಕರೆ ಈ ತಲೆನೋವಿಲ್ಲ.

"ವಿಂಡೋಸ್ ಗುರುತು ಹಿಡಿದರೆ ಆಟವೂ ಗುರುತು ಹಿಡಿಯಬೇಕು."

ಹೆಚ್ಚಿನ ಗೊಂದಲದ ಬೇರು ಇರುವುದು ಇಲ್ಲೇ. ವಿಂಡೋಸ್ ಕೀಲಿಯ ಜೊತೆ ಆರ್ ಒತ್ತಿ, ತೆರೆದ ಪೆಟ್ಟಿಗೆಯಲ್ಲಿ ಜಾಯ್ ಡಾಟ್ ಸಿಪಿಎಲ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದರೆ ಕೂಡಿಸಿರುವ ಪ್ಯಾಡುಗಳ ಪಟ್ಟಿ ಬರುತ್ತದೆ. ಅಲ್ಲಿ ಡ್ಯುಯಲ್‌ಶಾಕ್ ಕಾಣುತ್ತದೆ, ಪ್ರಾಪರ್ಟೀಸ್ ತೆರೆದು ಬಟನ್ ಒತ್ತಿದರೆ ಕೆಂಪು ಚುಕ್ಕೆಯೂ ಹತ್ತುತ್ತದೆ. ಆಟ ತೆರೆದರೆ ಗೊಂಬೆ ಅಲುಗಾಡುವುದಿಲ್ಲ.

ಕಾರಣ, ವಿಂಡೋಸಿನಲ್ಲಿ ಪ್ಯಾಡಿನಿಂದ ಆಟಕ್ಕೆ ಹೋಗುವ ಮುಖ್ಯ ದಾರಿಗಳು ಎರಡು. ತೊಂಬತ್ತರ ದಶಕದ್ದು ಡೈರೆಕ್ಟ್‌ಇನ್‌ಪುಟ್. 2005ರಲ್ಲಿ ಎಕ್ಸ್‌ಬಾಕ್ಸ್ 360ರ ಜೊತೆ ಮೈಕ್ರೋಸಾಫ್ಟ್ ತಂದದ್ದು ಎಕ್ಸ್‌ಇನ್‌ಪುಟ್. ಆಮೇಲೆ ಬಂದ ಎಷ್ಟೋ ಪಿಸಿ ಆಟಗಳು ಎರಡನೆಯ ದಾರಿಯನ್ನಷ್ಟೇ ನೋಡುತ್ತವೆ, ಆ ದಾರಿಯಲ್ಲಿ ನೇರವಾಗಿ ಬರುವುದು ಎಕ್ಸ್‌ಬಾಕ್ಸ್ ಮಾದರಿಯ ಪ್ಯಾಡ್ ಮಾತ್ರ. ಸೋನಿಯ ಪ್ಯಾಡ್ ಹಳೆಯ ದಾರಿಯಲ್ಲಿ ನಿಂತು ಕಾಯುತ್ತಿರುತ್ತದೆ.

ಹಾಗಾದರೆ ಎಕ್ಸ್‌ಬಾಕ್ಸ್ ಪ್ಯಾಡ್ ಕೊಂಡರೆ ಎಲ್ಲ ಸರಿಹೋಗುತ್ತದೆಯೇ? ನಮ್ಮ ಹುಡುಗರು ಇನ್ನೂ ಬಿಡದೆ ಆಡುವ ಜಿಟಿಎ ಸ್ಯಾನ್ ಆಂಡ್ರಿಯಾಸ್ ಪಿಸಿಗೆ ಬಂದದ್ದು 2005ರ ಜೂನ್‌ನಲ್ಲಿ, ಎಕ್ಸ್‌ಬಾಕ್ಸ್ 360ಕ್ಕಿಂತ ಕೆಲವು ತಿಂಗಳು ಮೊದಲು. ಅದಕ್ಕೆ ಗೊತ್ತಿರುವುದು ಹಳೆಯ ದಾರಿ. ಎಕ್ಸ್‌ಬಾಕ್ಸ್ ಪ್ಯಾಡಿನ ಎರಡು ಟ್ರಿಗರ್‌ಗಳು ಆ ದಾರಿಯಲ್ಲಿ ಬೇರೆ ಬೇರೆಯಾಗಿ ಬರುವುದಿಲ್ಲ, ಒಂದೇ ಅಳತೆಗೋಲಿನ ಎರಡು ತುದಿಗಳಾಗಿ ಬರುತ್ತವೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಒಂದು ಇನ್ನೊಂದನ್ನು ಕಳೆದು ಸೊನ್ನೆಯಾಗುತ್ತದೆ. ಕಾರಿನ ಆಟದಲ್ಲಿ ಇದರಷ್ಟು ಸಿಟ್ಟು ಬರಿಸುವುದು ಇನ್ನೊಂದಿಲ್ಲ. ಇದನ್ನು ಸರಿಪಡಿಸಲು ಅಭಿಮಾನಿಯೊಬ್ಬರು ಜಿಇನ್‌ಪುಟ್ ಎಂಬ ಮಾಡ್ (ಆಟವನ್ನು ಮಾರ್ಪಡಿಸುವ ತಂತ್ರಾಂಶ) ಬರೆದಿದ್ದಾರೆ.

ಕಡಿಮೆ ಬೆಲೆಯ ಹಲವು ಪ್ಯಾಡುಗಳಲ್ಲಿ ಎರಡೂ ದಾರಿ ಇರುತ್ತವೆ. ಲಾಜಿಟೆಕ್ ಎಫ್310ರ ಹಿಂಬದಿಯಲ್ಲಿ ಎಕ್ಸ್, ಡಿ ಎಂದು ಬರೆದ ಪುಟ್ಟ ಸ್ವಿಚ್ಚೇ ಇದೆ. ಕೆಲವಕ್ಕೆ ನಡುವಿನ ಬಟನ್ನನ್ನು ಒತ್ತಿ ಹಿಡಿಯಬೇಕು. ಡಬ್ಬಿಯಲ್ಲಿ ಬಂದ ಚೀಟಿಯನ್ನು ಎಸೆಯುವ ಮೊದಲು ಓದಿದರೆ ಅದು ಅಲ್ಲೇ ಸಿಗುತ್ತದೆ, ಆದರೆ ಅದನ್ನು ಯಾರು ಓದುತ್ತಾರೆ!

"ಒಂದು ಸಾಫ್ಟ್‌ವೇರ್ ಸಾಲದಿದ್ದರೆ ಇನ್ನೊಂದು ಹಾಕೋಣ."

ಸೋನಿಯ ಪ್ಯಾಡನ್ನು ಎಕ್ಸ್‌ಬಾಕ್ಸ್ ಪ್ಯಾಡಿನಂತೆ ತೋರಿಸುವ ತಂತ್ರಾಂಶಗಳಿವೆ. ಡಿಎಸ್4ವಿಂಡೋಸ್ ಬಹಳ ಜನ ಬಲ್ಲದ್ದು. ಪಿಸಿ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ 2016ರ ಡಿಸೆಂಬರ್‌ನಿಂದ ಡ್ಯುಯಲ್‌ಶಾಕ್ 4ಕ್ಕೆ ಈ ಸೌಲಭ್ಯ ಒಳಗೇ ಇದೆ. ಇಂಥವು ದುಭಾಷಿಗಳಿದ್ದಂತೆ, ಇಬ್ಬರು ಸೇರಿದರೆ ಒಂದೇ ಮಾತು ಎರಡು ಸಲ ಕೇಳುತ್ತದೆ. ಮೆನುವಿನಲ್ಲಿ ಒಮ್ಮೆ ಕೆಳಗೆ ಒತ್ತಿದರೆ ಎರಡು ಸಾಲು ಜಿಗಿಯುವುದು ಇದರ ಗುರುತು. ಆಟವೇ ಸೋನಿ ಪ್ಯಾಡನ್ನು ನೇರವಾಗಿ ಬಲ್ಲದ್ದಾಗಿದ್ದರೆ ಒಂದೇ ಒಂದು ಸಾಫ್ಟ್‌ವೇರ್ ಇದ್ದರೂ ಹೀಗಾಗುತ್ತದೆ: ಅಸಲಿ ಪ್ಯಾಡಿನ ಒತ್ತು ಒಂದು, ಕಲ್ಪಿತ ಪ್ಯಾಡಿನದು ಇನ್ನೊಂದು. ಅಸಲಿಯನ್ನು ಆಟದ ಕಣ್ಣಿಂದ ಮರೆಮಾಡಲು ಹಿಡ್‌ಹೈಡ್ ಎಂಬ ಸಾಧನ ಇದೆ.

ನನ್ನ ಸಲಹೆ ಕೇಳುವುದಾದರೆ ಸ್ಟೀಮ್ ಒಂದೇ ಸಾಕು. ಅದು ಉಚಿತ, ಹೊರಗಿನಿಂದ ತಂದ ಆಟಗಳನ್ನೂ ಅದರ ಪಟ್ಟಿಗೆ ಸೇರಿಸಿಕೊಳ್ಳಬಹುದು. ಪ್ಯಾಡನ್ನೇ ಅರಿಯದ ಹಳೆಯ ಆಟಗಳಿಗೆ ಪ್ಯಾಡಿನ ಬಟನ್‌ಗಳನ್ನು ಕೀಬೋರ್ಡಿನ ಕೀಲಿಗಳಾಗಿ ಬದಲಿಸುವ ವ್ಯವಸ್ಥೆಯೂ ಅದರಲ್ಲೇ ಇದೆ. ಅದು ಸರಿಹೋಗದಿದ್ದರೆ ಡಿಎಸ್4ವಿಂಡೋಸ್ ಇಟ್ಟುಕೊಂಡು ಸ್ಟೀಮ್‌ನ ಪ್ಯಾಡ್ ವ್ಯವಸ್ಥೆಯನ್ನು ಆ ಆಟಕ್ಕೆ ಆಫ್ ಮಾಡಿಬಿಡಿ.

"ಎಕ್ಸ್‌ಬಾಕ್ಸ್ ಪ್ಯಾಡ್ ಅಂದ್ಮೇಲೆ ಬ್ಲೂಟೂತ್ ಇದ್ದೇ ಇರುತ್ತದೆ."

2013ರ ಎಕ್ಸ್‌ಬಾಕ್ಸ್ ಒನ್ ಜೊತೆ ಬಂದ ಪ್ಯಾಡಿನಲ್ಲಿ ಇಲ್ಲ. 2016ರ ಒನ್ ಎಸ್ ಜೊತೆ ಬಂದದ್ದರಲ್ಲಿ ಇದೆ. ನಡುವಿನ ದುಂಡು ಬಟನ್ನಿನ ಸುತ್ತಲಿನ ಪ್ಲಾಸ್ಟಿಕ್ ಮುಂಭಾಗದ ಜೊತೆ ಒಂದೇ ತುಂಡಾಗಿದ್ದರೆ ಬ್ಲೂಟೂತ್ ಉಂಟು, ಬೇರೆ ಹೊಳಪಿನ ತುಂಡಾಗಿದ್ದರೆ ಇಲ್ಲ. ಬ್ಲೂಟೂತ್ ಇಲ್ಲದ್ದೂ ಕೇಬಲ್ ಹಾಕಿದರೆ ಚೆನ್ನಾಗಿ ನಡೆಯುತ್ತದೆ. ಸೋನಿಯವರದ್ದನ್ನು ಬ್ಲೂಟೂತ್‌ನಲ್ಲಿ ಕೂಡಿಸಲು ಪಿಎಸ್ ಬಟನ್ ಜೊತೆ ಶೇರ್ ಬಟನ್ನನ್ನು, ಪಿಎಸ್5ರದ್ದರಲ್ಲಿ ಕ್ರಿಯೇಟ್ ಬಟನ್ನನ್ನು, ದೀಪ ಮಿನುಗುವವರೆಗೆ ಹಿಡಿದಿರಬೇಕು.

"ಪಿಎಸ್5 ಪ್ಯಾಡಿನ ಟ್ರಿಗರ್ ಬಿಗಿಯಾಗುತ್ತಿಲ್ಲ, ಇದು ಡೂಪ್ಲಿಕೇಟ್."

ಬಿಲ್ಲಿನ ಹೆದೆ ಎಳೆದಾಗ ಟ್ರಿಗರ್ ಬಿಗಿಯಾಗುವ ಚಮತ್ಕಾರವನ್ನು ಆಯಾ ಆಟವೇ ನಡೆಸಬೇಕು. ಪಿಸಿಯಲ್ಲಿ ಅಂಥ ಆಟಗಳು ಕೆಲವೇ, ಅವುಗಳಲ್ಲೂ ಬಹುಪಾಲಿಗೆ ಪ್ಯಾಡ್ ಕೇಬಲ್ಲಿನಲ್ಲಿರಬೇಕು. ಪರದೆಯ ಮೇಲೆ ತ್ರಿಕೋನ, ವೃತ್ತಗಳ ಬದಲು ಎ, ಬಿ ಎಂದು ಬರುವುದೂ ನಕಲಿಯ ಗುರುತಲ್ಲ. ಆಟದ ಕಣ್ಣಿಗೆ ಅದು ಎಕ್ಸ್‌ಬಾಕ್ಸ್ ಪ್ಯಾಡ್ ಆಗಿದೆ, ಅಷ್ಟೆ. ನಿಂಟೆಂಡೋ ಪ್ಯಾಡಿನಲ್ಲಿ ಎ ಮತ್ತು ಬಿಗಳ ಜಾಗವೇ ಎಕ್ಸ್‌ಬಾಕ್ಸಿಗೆ ತಿರುಗುಮುರುಗು.

"ಆಟಗಾರ ತಾನೇ ನಡೀತಾನೆ, ಲ್ಯಾಪ್‌ಟಾಪಿಗೆ ವೈರಸ್ ಬಂದಿದೆ."

ಇಲ್ಲಿ ಮಾತ್ರ ತಪ್ಪು ನಿಜವಾಗಿ ಪ್ಯಾಡಿನದೇ. ಹೆಬ್ಬೆರಳಿನಿಂದ ಆಡಿಸುವ ಕಡ್ಡಿಯ ಬುಡದಲ್ಲಿ ಸವೆಯುವ ಪುಟ್ಟ ಪೊಟೆನ್ಷಿಯೋಮೀಟರ್‌ಗಳಿರುತ್ತವೆ. ಉಜ್ಜಿ ಉಜ್ಜಿ ಸವೆದಾಗ, ಧೂಳು ಕೂತಾಗ, ಕೈ ಬಿಟ್ಟರೂ ಕಡ್ಡಿ ಒಂದು ಕಡೆ ವಾಲಿದಂತೆ ಸುದ್ದಿ ಕಳಿಸುತ್ತವೆ. ಮೇಲೆ ಹೇಳಿದ ಜಾಯ್ ಡಾಟ್ ಸಿಪಿಎಲ್ ಪಟ್ಟಿಯಲ್ಲಿ ಪ್ಯಾಡನ್ನು ಆರಿಸಿ ಪ್ರಾಪರ್ಟೀಸ್ ತೆರೆದರೆ ಕೂಡು ಗುರುತು (+) ನಡುವೆ ನಿಲ್ಲದೆ ಸರಿಯುವುದು ಕಾಣುತ್ತದೆ. ಸ್ವಲ್ಪವೇ ಆಗಿದ್ದರೆ ಆಟದ ಅಥವಾ ಸ್ಟೀಮ್‌ನ ಸೆಟ್ಟಿಂಗ್ಸ್‌ನಲ್ಲಿ ಡೆಡ್‌ಝೋನ್ (ಕಡ್ಡಿಯ ಸಣ್ಣ ಅಲುಗಾಟವನ್ನು ಲೆಕ್ಕಿಸದ ವಲಯ) ಹೆಚ್ಚಿಸಿದರೆ ಕೆಲವು ಕಾಲ ನಡೆಯುತ್ತದೆ. ಹೆಚ್ಚಾಗಿದ್ದರೆ ಬೆಸುಗೆ ಬಲ್ಲ ಮೊಬೈಲ್ ರಿಪೇರಿಯವರಿಂದ ಕಡ್ಡಿಯ ಭಾಗ ಬದಲಿಸಿಕೊಳ್ಳಬಹುದು. ಬದಲಿಸುವುದೇ ಆದರೆ ಆಯಸ್ಕಾಂತದಿಂದ ನಡೆಯುವ ಹಾಲ್ ಎಫೆಕ್ಟ್ ಬಗೆಯದನ್ನು ಕೇಳಿ. ಅದರಲ್ಲಿ ಒಂದಕ್ಕೊಂದು ಉಜ್ಜಿ ಸವೆಯುವ ಸಂವೇದಕ ಇರುವುದಿಲ್ಲ.