ಕೆರೆಯ ನಡುವೆ ನಿಂತ ಮೋಟಾರು

ಹೋದ ಬೇಸಗೆಯಲ್ಲಿ ನಾವು ಪುಣೆಯಿಂದ ಮಗನ ಮನೆಗೆಂದು ಅಮೆರಿಕದ ಮಿನೆಸೋಟಾ ಸಂಸ್ಥಾನಕ್ಕೆ ಹೋಗಿದ್ದೆವು. ಅದು ಹತ್ತು ಸಾವಿರ ಕೆರೆಗಳ ನಾಡು. ಕಾರುಗಳ ನಂಬರು ಫಲಕದ ಮೇಲೂ ಹಾಗೆಂದು ಬರೆಸಿಕೊಂಡಿದ್ದಾರೆ. ಮಗನೂ 14 ಅಡಿಯ ಹಳೆಯ ಅಲ್ಯೂಮಿನಿಯಂ ದೋಣಿಯೊಂದನ್ನು ಕೊಂಡಿದ್ದ. ಹಿಂಭಾಗಕ್ಕೆ ತಗುಲಿಸಿದ ಒಂದು ವಿದ್ಯುತ್ ಮೋಟಾರು, ಕಾಲ ಬಳಿ ಒಂದು ಬ್ಯಾಟರಿ, ಒಂದು ಜೊತೆ ಹುಟ್ಟು. ಇಷ್ಟೇ ಸರಂಜಾಮು.

ಒಂದು ಭಾನುವಾರ ಸಂಜೆ ಏಳು ವರ್ಷದ ಮೊಮ್ಮಗಳನ್ನೂ ಕೂರಿಸಿಕೊಂಡು ಹೊರಟೆವು. ಮುಕ್ಕಾಲು ಗಂಟೆ ಕಳೆದಿರಲಿಲ್ಲ, ಆಚೆ ದಡದ ಹತ್ತಿರ ಮೋಟಾರಿನ ಸದ್ದು ಕುಗ್ಗುತ್ತ ಕುಗ್ಗುತ್ತ ನಿಂತೇಹೋಯಿತು. ಎದುರಿಗೆ ಗಾಳಿ ಬೇರೆ. ಆ ಸೀಮೆಯಲ್ಲಿ ಬೇಸಗೆಯ ಹಗಲು ಬಲು ಉದ್ದ, ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಹಾಗಿದ್ದೂ ಅಪ್ಪ ಮಗ ಸರದಿಯ ಮೇಲೆ ಹುಟ್ಟುಹಾಕಿ ದಡ ಮುಟ್ಟುವ ಹೊತ್ತಿಗೆ ಕತ್ತಲೆಯಾಗಿತ್ತು. ಸೊಸೆಯೂ ನಮ್ಮ ಮನೆಯವರೂ ಟಾರ್ಚು ಹಿಡಿದು ನಿಂತಿದ್ದರು. "ಅಜ್ಜಾ, ಮನೆಗೆ ಹೋಗ್ತೀವಲ್ಲ?" ಎಂದು ಆ ಮಗು ಎರಡು ಸಲ ಕೇಳಿದ್ದು ಇನ್ನೂ ನಮ್ಮ ಕಿವಿಯಲ್ಲಿದೆ.

ಮೋಟಾರು ಕೆಟ್ಟಿರಲಿಲ್ಲ. ತಪ್ಪು ಬ್ಯಾಟರಿಯದು, ಅದಕ್ಕಿಂತ ಹೆಚ್ಚಾಗಿ ನಮ್ಮದು. ಪುಣೆಯ ಮನೆಯಲ್ಲಿ ವರ್ಷಗಳಿಂದ ಇನ್ವರ್ಟರ್ ಇಟ್ಟುಕೊಂಡಿರುವ ನಮಗೆ ಇದು ತಿಳಿದಿರಬೇಕಾಗಿತ್ತು.

ಇದಕ್ಕೆ ಟ್ರೋಲಿಂಗ್ ಮೋಟಾರೆಂದು ಹೆಸರು. ನಮ್ಮಲ್ಲಿ ಕರಾವಳಿಯಿಂದ ಬಂದವರಿಗೆ ಮಲ್ಪೆಯ ಟ್ರಾಲ್ ದೋಣಿಗಳು ನೆನಪಾದಾವು. ಅದು ಬೇರೆ, ಇದು ಬೇರೆ. ಅಲ್ಲಿ ಬಲೆಯನ್ನು ಎಳೆಯುತ್ತಾರೆ. ಇಲ್ಲಿ ಗಾಳದ ದಾರ ಬಿಟ್ಟು, ಮೀನು ಬೆದರದಂತೆ ದೋಣಿಯನ್ನು ಮೆಲ್ಲಗೆ ನಡೆಸುತ್ತಾರೆ. ನೆರೆಯ ಉತ್ತರ ಡಕೋಟಾದ ಫಾರ್ಗೋ ಪಟ್ಟಣದಲ್ಲಿ 1934ರಲ್ಲಿ ಓ. ಜಿ. ಸ್ಮಿಟ್ ಎಂಬಾತ ಫೋರ್ಡ್ ಕಾರಿನ ಸ್ಟಾರ್ಟರ್ ಮೋಟಾರಿಗೆ ದಂಡವನ್ನೂ ಪಂಖವನ್ನೂ ಜೋಡಿಸಿ ಇಂಥದೊಂದನ್ನು ಮಾಡಿದ. ಎರಡು ಸಂಸ್ಥಾನಗಳ ಹೆಸರನ್ನೂ ಕೂಡಿಸಿ ಮಿನ್ ಕೋಟಾ ಎಂಬ ಕಂಪೆನಿಯಾಯಿತು.

ಇನ್ನು ಲೆಕ್ಕಕ್ಕೆ ಬರೋಣ. 55 ಪೌಂಡು ನೂಕುಬಲದ 12 ವೋಲ್ಟ್ ಮೋಟಾರು ಪೂರ್ಣ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. ಎಂದರೆ 600 ವಾಟ್, ಒಂದು ಅಶ್ವಶಕ್ತಿಗೂ ಕಡಿಮೆ. 100 ಆಂಪಿಯರ್-ಗಂಟೆಯ ಬ್ಯಾಟರಿಯಿದ್ದರೆ ಎರಡು ಗಂಟೆ ಓಡಬೇಕಲ್ಲವೆ? ಕಾಗದದ ಮೇಲೆ ಸರಿ. ಆದರೆ ಸೀಸದ ಬ್ಯಾಟರಿ ಬೇಸಗೆಯ ಬಾವಿಯಂತೆ. ಒಂದೇ ಸಮನೆ ಸೇದಿದರೆ ಬೇಗ ತಳ ಕಾಣುತ್ತದೆ. ಬಿಟ್ಟು ಬಿಟ್ಟು ಸೇದಿದರೆ ಹೆಚ್ಚು ನೀರು ಸಿಕ್ಕುತ್ತದೆ. ಪದೇ ಪದೇ ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯುಸ್ಸೂ ಕುಗ್ಗುತ್ತದೆ. ಆದ್ದರಿಂದ ಪೂರ್ಣ ವೇಗದಲ್ಲಿ ಒಂದು ಗಂಟೆಯೆಂದೇ ಹಿಡಿಯತಕ್ಕದ್ದು.

ಆದರೆ ನೀರಿಗೊಂದು ಗುಣವುಂಟು. ದೋಣಿಯ ವೇಗವನ್ನು ಅರ್ಧ ಮಾಡಿದರೆ ಬೇಕಾಗುವ ಶಕ್ತಿ ಅರ್ಧವಲ್ಲ, ಸುಮಾರು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಮೆಲ್ಲಗೆ ಹೋಗುವವನಿಗೆ ಅದೇ ಬ್ಯಾಟರಿ ಬಹಳ ಹೊತ್ತು ಸಾಲುತ್ತದೆ. ನಾವಾದರೋ ಮೊಮ್ಮಗಳ ಸಂತೋಷಕ್ಕೆಂದು ಹಿಡಿಕೆಯನ್ನು ಕೊನೆಯವರೆಗೆ ತಿರುಗಿಸಿಟ್ಟಿದ್ದೆವು!

ಎರಡನೆಯ ತಪ್ಪು: ದೋಣಿಯೊಡನೆ ಬಂದಿದ್ದು ಕಾರಿನ ಬ್ಯಾಟರಿ. ಅದರ ಸೀಸದ ಫಲಕಗಳು ತೆಳು. ಇಂಜಿನು ಹೊತ್ತಿಸಲು ಕೆಲವು ಕ್ಷಣ ಭಾರಿ ವಿದ್ಯುತ್ತನ್ನು ಕೊಟ್ಟು ಸುಮ್ಮನಾಗುವುದಷ್ಟೇ ಅದರ ಕೆಲಸ. ಗಂಟೆಗಟ್ಟಲೆ ದುಡಿಯಲು ದಪ್ಪ ಫಲಕದ ಡೀಪ್ ಸೈಕಲ್ ಬ್ಯಾಟರಿ ಬೇಕು. ಮನೆಯ ಇನ್ವರ್ಟರಿಗೆ ಕಾರಿನ ಬ್ಯಾಟರಿ ತರುತ್ತೇವೆಯೆ?

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಹಿಂದಿನ ಸಲ ಮಗ ದೋಣಿ ತಂದು ನಿಲ್ಲಿಸಿದವನು ಚಾರ್ಜು ಮಾಡದೆ ಎರಡು ವಾರ ಬಿಟ್ಟಿದ್ದ; ಹೊರಡುವ ಮುನ್ನ ಎರಡು ಗಂಟೆ ಚಾರ್ಜರಿಗೆ ಹಾಕಿದ್ದನಷ್ಟೆ. ಬರಿದಾದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ದಿನ ಕಳೆದಂತೆ ಗಟ್ಟಿಯಾಗುತ್ತದೆ, ಆಮೇಲೆ ಕರಗದು. ಆದ್ದರಿಂದ ಕೆರೆಯಿಂದ ಬಂದ ಸಂಜೆಯೇ ಚಾರ್ಜರಿಗೆ ಹಾಕಬೇಕು. ಅರ್ಧ ಬರಿದಾದ 100 ಆಂಪಿಯರ್-ಗಂಟೆಯ ಬ್ಯಾಟರಿಗೆ 10 ಆಂಪಿಯರಿನ ಚಾರ್ಜರು ಐದು ಗಂಟೆಯಲ್ಲಿ ಬಹುಪಾಲು ತುಂಬಿಸುತ್ತದೆ, ಕೊನೆಯ ಪಾಲು ಮಾತ್ರ ನಿಧಾನ. ರಾತ್ರಿಯಿಡೀ ಬಿಡುವುದೇ ಲೇಸು. ತುಂಬಿದೊಡನೆ ತಾನೇ ತಗ್ಗುವ ಚಾರ್ಜರಾಗಿರಬೇಕು. ಚಾರ್ಜಾಗುವಾಗ ಹೈಡ್ರೋಜನ್ ಹೊಮ್ಮುವುದರಿಂದ ಬಾಗಿಲು ತೆರೆದಿರಲಿ, ಬೆಂಕಿಕಡ್ಡಿ ದೂರವಿರಲಿ. ಡಿಸ್ಟಿಲ್ಡ್ ವಾಟರ್ ತುಂಬುವುದು ಚಾರ್ಜು ಮುಗಿದ ಮೇಲೆ. ಕೆಲವು ಗಂಟೆ ಸುಮ್ಮನಿಟ್ಟ ನಂತರ ಮೀಟರು 12.7 ತೋರಿಸಿದರೆ ತುಂಬಿದೆ, 12.2ರ ಸುಮಾರಿದ್ದರೆ ಅರ್ಧ. ಮೋಟಾರಿಗೆ ಹೋಗುವ ತಂತಿ ದಪ್ಪನಾಗಿರಬೇಕು, ಬ್ಯಾಟರಿಯ ಪಕ್ಕದಲ್ಲೇ ಬ್ರೇಕರ್ ಇರಬೇಕು. 50 ಆಂಪಿಯರ್ ಹುಡುಗಾಟವಲ್ಲ.

ಈಗ ಲಿಥಿಯಂ ಬ್ಯಾಟರಿ ಬಂದಿದೆ. ಸೀಸದ್ದು 30 ಕಿಲೋದಷ್ಟು ತೂಗಿದರೆ ಅಷ್ಟೇ ಆಂಪಿಯರಿನ ಇದು ಅರ್ಧಕ್ಕೂ ಕಡಿಮೆ. ನಮ್ಮ ಸೊಂಟಕ್ಕೆ ಅದೇ ಹಿತ. ಹೆಚ್ಚುಕಡಿಮೆ ಪೂರ್ತಿ ಬಳಸಬಹುದು. ಬೆಲೆ ಜಾಸ್ತಿ, ಅದಕ್ಕೆ ತಕ್ಕ ಚಾರ್ಜರೇ ಬೇಕು, ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಚಾರ್ಜು ಮಾಡಕೂಡದು. ಇನ್ನೊಂದು ವಿಚಾರ: ಸೀಸದ ಬ್ಯಾಟರಿ ಸೋಲುವ ಮೊದಲು ಮೋಟಾರನ್ನು ಮೆತ್ತಗೆ ಮಾಡಿ ಎಚ್ಚರಿಸುತ್ತದೆ. ಲಿಥಿಯಂ ಕೊನೆಯವರೆಗೂ ಗಟ್ಟಿಯಾಗಿ ಎಳೆದು ಫಕ್ಕನೆ ನಿಲ್ಲುತ್ತದೆ.

ಮಗ ಕೊನೆಗೆ ಸೀಸದ ಡೀಪ್ ಸೈಕಲ್ ಬ್ಯಾಟರಿಯನ್ನೇ ತಂದ. ಚಳಿಗಾಲಕ್ಕೆ ಮುನ್ನ ಪೂರ್ತಿ ತುಂಬಿಸಿಡಬೇಕೆಂದು ಹೇಳಿ ಬಂದಿದ್ದೇವೆ. ಬರಿದಾದದ್ದು ಆ ಚಳಿಗೆ ಹೆಪ್ಪುಗಟ್ಟಿ ಒಡೆಯುತ್ತದೆ. ಅಲ್ಲಿದ್ದಷ್ಟು ದಿನ ಇನ್ನೂ ಮೂರು ಭಾನುವಾರ ದೋಣಿಯಲ್ಲಿ ಹೋದೆವು. ಮೊದಲು ಗಾಳಿಗೆ ಎದುರಾಗಿ ಹೋಗುವುದು, ಬರುವಾಗ ಗಾಳಿಯೇ ತಂದುಬಿಡುವುದು. ಹೊರಡುವ ಮುನ್ನ ಮೀಟರು ನೋಡುವ ಕೆಲಸ ಮೊಮ್ಮಗಳದಾಯಿತು. ಹುಟ್ಟುಗಳಿವೆಯೇ ಎಂದು ನೋಡುವ ಕೆಲಸವನ್ನು ಅವಳ ಅಜ್ಜಿ ವಹಿಸಿಕೊಂಡಳು.